ಮಗನ ಶಾಲಿ ಚಾರ್ಟ್‌ನ್ಯಾಗ 'ನಮ್ಮೂರ ಸಂಸ್ಕೃತಿ' ಅಂತ ಏನ್ ಬರಸ್ಲಿ? ಕಲಬುರ್ಗಿ-ಬೀದರ್-ಯಾದಗಿರಿ ಮಂದಿ ಹೇಳ್ರಿ

ತೊಗರಿಹೊಲ:
ಶರಣ್ರಿ ಎಲ್ಲಾರಿಗೂ. ನಾ ಸೇಡಂ ತಾಲೂಕಿನವ, ಹನ್ನೆರಡು ವರ್ಷ ಆತು ಬೆಂಗಳೂರಾಗ ಇದ್ದೀನಿ. ವಿಷಯ ಸಣ್ಣದೇ ಅದ, ಖರೆ ಎರಡು ದಿನದಿಂದ ತಲಿಯಾಗ ಅದೇ ತಿರಗ್ಲಾಕತ್ತದ. ಮಗ ನಾಕನೇತ್ತ. ಶಾಲ್ಯಾಗ ಪ್ರಾಜೆಕ್ಟ್ ಕೊಟ್ಟಾರ, 'ನಿಮ್ಮ ಊರಿನ ಸಂಸ್ಕೃತಿ ಮತ್ತು ಪರಂಪರೆ' ಅಂತ, ಒಂದು ಚಾರ್ಟ್ ಪೇಪರ್ ತುಂಬ ಚಿತ್ರ ಹಚ್ಚಿ ಕೆಳಗ ಎರಡೆರಡು ಸಾಲು ಬರಿಬೇಕು. ಸ್ಟೇಷನರಿ ದುಕಾನಕ್ಕ ಹೋದೆ, ಅಲ್ಲಿ ಚಿತ್ರದ ಶೀಟ್ ಮಾರ್ತಾರಲ್ಲ, 'ಕರ್ನಾಟಕದ ಸಂಸ್ಕೃತಿ' ಶೀಟ್ ತಗೊಂಡು ಬಂದೆ. ಅದ್ರಾಗ ದಸರಾ ಆನಿ ಅದ, ಯಕ್ಷಗಾನ ಅದ, ಕೊಡವರ ಕುಪ್ಯ ಡ್ರೆಸ್ ಅದ, ಹಂಪಿ ರಥ ಅದ, ಬೇಲೂರ ಅದ. ಬೀದರ್ ಅಂತ ಕೆಳಗ ಬರ್ದು ಮ್ಯಾಲ ಗೋಳಗುಮ್ಮಟದ ಫೋಟೋ ಹಾಕ್ಯಾರ. ಗೋಳಗುಮ್ಮಟ ಬಿಜಾಪುರದಾಗ ಅದ್ರೀ ಮಾರಾಯ್ರಾ!

ಹುಡುಗ ಕೇಳ್ತಾನ, ಪಪ್ಪಾ ಇದ್ರಾಗ ನಮ್ದು ಯಾವ್ದು ಅಂತ. ನಾ ಸುಮ್ ಕುಂತೆ.

ಆಫೀಸ್ನ್ಯಾಗೂ ಇದೇ ಕಥಿ. ಹನ್ನೆರಡು ವರ್ಷದಾಗ ಎಷ್ಟು ಸಲ ಕೇಳ್ಯಾರ ಅಂದ್ರ ಲೆಕ್ಕ ಇಲ್ಲ, 'ನೀವು ಹೈದ್ರಾಬಾದ್ ಕಡೆಯೋರಾ, ಮನೇಲಿ ತೆಲುಗು ಮಾತಾಡ್ತೀರಾ' ಅಂತ. ಮದ್ಲ ಮದ್ಲ ಸಿಟ್ಟ ಬರ್ತಿತ್ತು, ಆಮ್ಯಾಲ ನಕ್ಕು ಬಿಡ್ತಿದ್ದೆ, ಈಗ ಮಗನೇ ಕೇಳ್ದಾಗ ನಗಲಾಕ್ ಬರವಲ್ದು. ತೊಗರಿ ಕಣಜ ಅಂತ ಬರಸ್ಬೇಕು ಅಂದ್ರ ಬ್ಯಾಳಿ ಸಂಸ್ಕೃತಿ ಆಗ್ತದೇನು? ಕಲಬುರ್ಗಿ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ ಸಿಕ್ಕದ ಅಂತ ಹೇಳ್ದೆ, ಹುಡುಗ ಅದನ್ನ ಒಂದು ಮೂಲ್ಯಾಗ ಬರ್ಕೊಂಡಾನ, ನಾಕು ಕಾಳ ಫೆವಿಕಾಲ್ ಹಚ್ಚಿ ಅಂಟಿಸ್ಯಾನ. ಉಳದದ್ದು ಖಾಲಿ ಅದ. ಏನ್ ಹಾಕ್ಲಿ ಹೇಳ್ರಿ. ಆಯತವಾರದ ತನಕ ಟೈಮ್ ಅದ.

ಮಂಡ್ಯದೈದ:
ಅಣ್ಣೋ ಬೇಜಾರ್ ಮಾಡ್ಕಬ್ಯಾಡಿ, ನಾನೂ ಆ ತರ ಕೇಳ್ದೋನೇಯ. ನಮ್ ಕಡೆ ಶಾಲೇಲಿ ನಿಮ್ ಕಡೆ ಬಗ್ಗೆ ಓದಿದ್ದು ಅಂದ್ರೆ ಬಸವಣ್ಣನ ಪಾಠ, ಬಹಮನಿ ಸುಲ್ತಾನ್ರು, ಬಿಸ್ಲು, ಮುಗೀತು. ನನಗೊಂದ್ ಡೌಟು, ಹೈದ್ರಾಬಾದ್ ಕರ್ನಾಟಕ ಅಂದ್ರೂ ಕಲ್ಯಾಣ ಕರ್ನಾಟಕ ಅಂದ್ರೂ ಎರಡೂ ಒಂದೇಯಾ? ಪೇಪರ್ನಲ್ಲಿ ಒಂದೊಂದ್ ಸಲ ಒಂದೊಂದ್ ತರ ಬರೀತಾರೆ.

ನಿವೃತ್ತ_ಮಾಸ್ತರ:
ತಮ್ಮಾ ಒಂದೇ, ಹೆಸರು ಬದಲಾಗ್ಯದ ಅಷ್ಟೇ. 1948ರ ಸೆಪ್ಟೆಂಬರ್ 17ರ ತನಕ ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು ಮೂರೂ ಜಿಲ್ಲಾ ಹೈದ್ರಾಬಾದ್ ನಿಜಾಮರ ಸಂಸ್ಥಾನದಾಗ ಇದ್ದವು. ದೇಶಕ್ಕೆಲ್ಲ 47ರ ಆಗಸ್ಟ್‌ಗೆ ಸ್ವಾತಂತ್ರ್ಯ ಬಂತು, ನಮಗ ಒಂದು ವರ್ಷದ ಮ್ಯಾಲ ಒಂದು ತಿಂಗಳು ತಡ. ಅದಕ್ಕ ನಮ್ಮಲ್ಲಿ ವರ್ಷಕ್ಕ ಎರಡು ಸಲ ಝಂಡಾ ಏರಸ್ತೀವಿ, ಆಗಸ್ಟ್ 15ಕ್ಕ ಒಮ್ಮಿ, ಸೆಪ್ಟೆಂಬರ್ 17ಕ್ಕ ಒಮ್ಮಿ. ಜನವರಿ 26 ಬ್ಯಾರೆ ಬಿಡು. ಆಮ್ಯಾಲ ಎಂಟು ವರ್ಷ ಹೈದ್ರಾಬಾದ್ ರಾಜ್ಯದಾಗೇ ಇದ್ದು 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಬಂದಿವಿ. 2019ರ ಸೆಪ್ಟೆಂಬರ್ 17ಕ್ಕ ಸರ್ಕಾರ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟದ. ಗುಲ್ಬರ್ಗಾ ಕಲಬುರಗಿ ಆಗಿದ್ದು ಅದಕ್ಕೂ ಮುಂಚೆ, 2014ರಾಗ. ಯಾದಗಿರಿ ಗುಲ್ಬರ್ಗಾದಿಂದ ಬ್ಯಾರೆ ಆಗಿ ಜಿಲ್ಲಾ ಆಗಿದ್ದು 2010ಕ್ಕ.

ಚಾರ್ಟ್‌ನ್ಯಾಗ ಹಾಕ್ಲಿಕ್ಕ ನಾ ಒಂದು ಹೇಳ್ತೀನಿ. ನಿಜಾಮರ ಕಾಲದಾಗ ಸಾಲಿ ಅಂದ್ರ ಉರ್ದು. ಕಚೇರಿ ಉರ್ದು, ಕೋರ್ಟ್ ಉರ್ದು. ಕನ್ನಡ ಕಲಸೋದು ಅಂದ್ರ ಕಳ್ಳತನ ಮಾಡ್ದಂಗ. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಏನ್ ಮಾಡಿದ್ರು ಗೊತ್ತದೇನು, ಹೊರಗ ಉರ್ದು ಬೋರ್ಡ್ ತೂಗಹಾಕಿ ಒಳಗ ಕನ್ನಡ ಪಾಠ ಮಾಡಿಸಿದ್ರು. ಮಂದಿ ಮನಿ ಮನಿಗಿ ಹೋಗಿ ಜೋಳಗ್ಯಾಗ ಜ್ವಾಳ ಬೇಡಿ ತಂದು ಹುಡುಗರಿಗಿ ಊಟ ಹಾಕಿ ಕಲಿಸಿದ್ರು. ನಮ್ಮ ಅಪ್ಪ ಉರ್ದುದಾಗ ಓದ್ದಾಂವ, ನನಗ ಪತ್ರ ಬರದ್ರ ಕನ್ನಡ ಅಕ್ಷರ ಬಲಗಡಿಂದ ಎಡಕ್ಕ ವಾಲ್ತಿದ್ವು, ನಾ ನಗ್ತಿದ್ದೆ. ಈಗ ಆ ಪತ್ರ ತಗದು ನೋಡಿದ್ರ ನಗಿ ಬರಾಂಗಿಲ್ಲ.

ಆ ಹುಡುಗನ ಕೈಲಿ ಎರಡು ಬೋರ್ಡ್ ತಗಸು. ಹೊರಗ ಉರ್ದು, ಒಳಗ ಅ ಆ ಇ ಈ.

ಕಲ್ಯಾಣಿ_12ನೇ_ಶತಮಾನ:
ಮಾಸ್ತರ್ರೇ ನಮಸ್ಕಾರ, ಖರೆ ನೀವೂ ಗುಲ್ಬರ್ಗಾ ಗುಲ್ಬರ್ಗಾ ಅಂತ ಬರೀತೀರಲ್ಲ? ಹೈದ್ರಾಬಾದ್ ಅನ್ನೋದು ಗುಲಾಮಗಿರಿ ಹೆಸರು. ನಮ್ದು ಬಸವಕಲ್ಯಾಣ, ಅನುಭವ ಮಂಟಪ ಆದ ಜಾಗ. ಚಾಲುಕ್ಯರ ರಾಜಧಾನಿ. ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗ ಅಲ್ಲಿ ನೃಪತುಂಗನ ಆಸ್ಥಾನದಾಗ ಆಗಿದ್ದು, ಕನ್ನಡದಾಗ ಸಿಕ್ಕ ಮದಲನೇ ಗ್ರಂಥ. ಕಾವೇರಿಯಿಂದ ಗೋದಾವರಿ ತನಕ ಕನ್ನಡ ನಾಡು ಅಂತ ಅದ್ರಾಗ ಅದ. ಮಂಡ್ಯದ ಅಣ್ಣಾ, ನೀವು ಆ ಗೆರಿ ಒಂದು ತುದಿಗಿ ಇದ್ದೀರಿ, ನಾವು ಇನ್ನೊಂದು ತುದಿ ಸಮೀಪ, ಗೆರಿ ಎಳದಾಂವ ಕುಂತಿದ್ದು ನಮ್ಮ ಕಾಗಿಣಾ ಹೊಳಿ ದಂಡಿ ಮ್ಯಾಲ. ಇದನ್ನ ಬರಸ್ರಿ, ಉಳದದ್ದೆಲ್ಲ ಬಿಡ್ರಿ.

ಮಂಡ್ಯದೈದ:
ಆಹಾ ಇದ್ ಚೆನ್ನಾಗೈತೆ. ಹಂಗಾದ್ರೆ ನಾವೇ ನಿಮ್ ಗಡಿನಾಡೋರು 😄

ತೊಗರಿಹೊಲ:
ಕಲ್ಯಾಣಿಯವ್ರೇ ಮಳಖೇಡ ನಮ್ಮೂರಿಗಿ ಮಗ್ಗಲ್ದಾಗೇ ಅದ, ಸಣ್ಣಾವ ಇದ್ದಾಗ ಕಿಲ್ಲಾದಾಗ ಆಡ್ ಕಾಯ್ಕೊಂಡು ಕುಂತಿದ್ದೀನಿ. ಹೆಸರಿನ ಜಗಳಕ್ಕ ನಾ ಬರಾಂಗಿಲ್ಲ. ಒಂದು ಮಾತ್ ಮಾತ್ರ, ನಮ್ಮ ಆಯಿ ಜೀವನಪೂರ್ತಿ 'ಕಲಬುರ್ಗಿ' ಅಂದಾಳ, ಬಸ್ಸಿನ ಬೋರ್ಡ್ ಗುಲ್ಬರ್ಗಾ ಅಂತ ಇದ್ದಾಗೂ. ಆಕಿಗಿ ಓದ್ಲಾಕ್ ಬರ್ತಿದ್ದಿಲ್ಲ, ಅದಕ್ಕ ಬೋರ್ಡ್ ಬದ್ಲಾದ್ರೂ ಆಕಿಗಿ ಏನೂ ಫರಕ್ ಬೀಳ್ಲಿಲ್ಲ. ಇನ್ನ ಹಳೇದು ಹೇಳ್ಬೇಕಂದ್ರ ಚಾಲುಕ್ಯ, ರಾಷ್ಟ್ರಕೂಟ ಎಲ್ಲಾ ಪುಸ್ತಕದಾಗ ಅದಾರ. ಮಗ ಕೇಳೋದು ಅದಲ್ಲ, 'ನಾವು ಏನ್ ಮಾಡ್ತೀವಿ' ಅಂತ ಕೇಳ್ತಾನ.

ಚೌಬಾರಾ_ಚಾ:
ಅಸ್ಸಲಾಮ್ ಅಲೈಕುಂ, ಶರಣ್ರಿ, ಎರಡೂ ತಗೋರಿ. ನಾ ಬೀದರ್ ಹಳೇ ಶಹರದವ. ಮನ್ಯಾಗ ದಖನಿ, ಗಲ್ಲಿಯಾಗ ಕನ್ನಡ, ದುಕಾನದಾಗ ಎರಡೂ, ಲಾತೂರ್ ಕಡೀಯವ್ರು ಬಂದ್ರ ಮರಾಠಿ, ಜಹೀರಾಬಾದ್ ಕಡೀಯವ್ರು ಬಂದ್ರ ತೆಲುಗು. ಬೀದರ್ದಾಗ ಪಾನ್ ಮಾರಾವ್ನೂ ನಾಕು ಭಾಷಿ ಮಾತಾಡ್ತಾನ, ಖರೆ ಅವಂಗ ಯಾರೂ ಪಂಡಿತ ಅನ್ನಲ್ಲ.

ಕಲ್ಯಾಣಿ ಭಾಯ್ ಗುಲಾಮಗಿರಿ ಅಂದ್ರಲ್ಲ, ನಕ್ಕೋ ಭಾಯ್, ಹಂಗ ಅನ್ಬ್ಯಾಡ್ರಿ. ನೀವು ದಿನಾ ಮಾತಾಡೋ ಕನ್ನಡದಾಗ ದವಾಖಾನಿ, ದುಕಾನ, ಜಲ್ದಿ, ಫರಕ್, ಹೈರಾಣ, ಬೇಕಾರ, ತಕ್ಲೀಪ್, ಜಮೀನ್, ಖುಷ್ಕಿ, ಪಟ್ಟಾ ಎಲ್ಲಾ ತಗದು ಒಗದು ನೋಡ್ರಿ, ಹೊಲ ಮಾರ್ಲಿಕ್ಕೂ ಬಾಯಿ ಬರಾಂಗಿಲ್ಲ. ಹೋದ ವರ್ಷ ನಮ್ಮ ಮಗ್ಗಲಮನಿ ಕಾಕಾ ಒಂದು ಕಾಗದ ಹಿಡ್ಕೊಂಡು ಅಬ್ಬಾ ಕಡಿ ಬಂದಿದ್ರು, ಅವ್ರ ಮುತ್ಯಾನ ಹೊಲದ ಪಟ್ಟಾ, ನಿಜಾಮರ ಲೆಕ್ಕದ ಫಸ್ಲಿ ವರ್ಷ 1355ರದ್ದು, ಅಂದ್ರ ನಿಮ್ಮ 1945-46. ಪೂರಾ ಉರ್ದು. ಅಣ್ಣತಮ್ಮರ ಪಾಲಿನ ಕೇಸ್ ನಡದಿತ್ತು, ಕಾಗದದಾಗ ಏನದ ಅಂತ ಇಬ್ಬರಿಗೂ ಗೊತ್ತಿಲ್ಲ! ಅಬ್ಬಾ ಚಷ್ಮಾ ಹಾಕ್ಕೊಂಡು ಓದಿ ಹೇಳಿದ್ರು, ಬೇವಿನ ಗಿಡದಿಂದ ಬಾವಿ ತನಕ ಅಂತ ಹದ್ದು ಬರದಿತ್ತು. ಬೇವಿನ ಗಿಡ ಕಡದು ಇಪ್ಪತ್ತು ವರ್ಷ ಆಗ್ಯದ, ಜಗಳ ಹಂಗೇ ಉಳೀತು, ಅದ್ ಬ್ಯಾರೆ ಮಾತು.

ಚಾರ್ಟ್‌ಗಿ ಬಿದ್ರಿ ಹಾಕ್ರಿ. ಸುಮ್ನ ಹೂಜಿ ಫೋಟೋ ಅಲ್ಲ, ಹ್ಯಾಂಗ ಮಾಡ್ತಾರ ಅಂತ. ಸತು ಜಾಸ್ತಿ, ತಾಮ್ರ ಸ್ವಲ್ಪ, ಕರಗಸಿ ಎರಕಾ ಹೊಯ್ತಾರ. ಉಜ್ಜಿದ ಮ್ಯಾಲ ಮೈಲುತುತ್ತ ಹಚ್ತಾರ, ಮೈ ಸ್ವಲ್ಪ ಕಪ್ಪಾಗ್ತದ, ಅದ್ರ ಮ್ಯಾಲ ಉಳಿ ತಗೊಂಡು ಹೂವು ಬಳ್ಳಿ ಕೆತ್ತೋದು, ಆ ಗೆರ್‍ಯಾಗ ಬೆಳ್ಳಿ ತಂತಿ ಕುಂಡ್ರಿಸಿ ಬಡಿಯೋದು. ಎಲ್ಲಾ ಆದ್ಮ್ಯಾಲ ನೋಡಿದ್ರ ಬೆಳ್ಳಿ, ಸತು ಎರಡೂ ಒಂದೇ ಬಣ್ಣ, ಏನೂ ಕಾಣಲ್ಲ. ಆಗ ಕಿಲ್ಲಾದ ಮಣ್ಣು ಬೇಕು. ಬಿಸಿಲು ಮಳಿ ಬೀಳದ ಜಾಗದ್ದು, ಹಳೇದು. ನಮ್ಮ ಚಾಚಾ ಅದನ್ನ ನಾಲಿಗಿ ಮ್ಯಾಲ ಇಟ್ಟು ರುಚಿ ನೋಡೇ ತರ್ತಿದ್ರು. ಆ ಮಣ್ಣಿಗಿ ನವಸಾಗರ ಕಲಸಿ ಬಿಸಿ ಮಾಡಿ ಹಚ್ಚಿ ತೊಳದ್ರ ಸತು ಕಾಡಿಗಿ ಹಂಗ ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. 2006ರಾಗ ಜಿಐ ಸಿಕ್ಕದ, 2023ರಾಗ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಸಾಹೇಬ್ರಿಗಿ ಪದ್ಮಶ್ರೀ ಬಂತು. ಖರೆ ನಮ್ಮ ಗಲ್ಲಿ ಹುಡುಗರು ಯಾರೂ ಉಳಿ ಹಿಡಿಯವಲ್ರು, ಡೆಲಿವರಿ ಬೈಕ್ ಹಿಡ್ದಾರ.

ಸಗರನಾಡಿನಾಕಿ:
ನಾ ಸುರಪುರ ಕಡೀಯಾಕಿ, ಎಲ್ಲಾ ಬರ್ಲಿ ಆಮ್ಯಾಲ ಬರಿಯೋಣ ಅಂತ ಕುಂತಿದ್ದೆ. ಚಾರ್ಟ್‌ನ್ಯಾಗ ಪೀರಲ ಹಬ್ಬ, ಅಂದ್ರ ಮೊಹರಂ, ಇಲ್ದಿದ್ರ ಅದು ನಮ್ಮ ಕಡೀ ಚಾರ್ಟೇ ಅಲ್ಲ ನೋಡ್ರಿ.

ಬೆಂಗಳೂರಿನವ್ರಿಗಿ ಮೊಹರಂ ಅಂದ್ರ ಸೂಟಿ ಅಷ್ಟೇ. ನಮ್ಮೂರಾಗ ಸಾಬರ ಮನಿ ಎರಡೇ ಎರಡು ಅವ, ಖರೆ ಹಬ್ಬ ಪೂರಾ ಊರಿಂದು. ಅಮಾಸಿ ಮುಗ್ದು ಚಂದ್ರ ಕಂಡಮ್ಯಾಲ ಬೆಂಕಿ ಹಾಕೋ ಅಲಾಯಿ ಕುಣಿ ಅಗೀತಾರ, ಗುದ್ದಲಿ ಹಾಕೋದು ಯಾವ ಮನಿಯವ್ರು, ಕಟಗಿ ತರೋದು ಯಾವ ಮನಿಯವ್ರು, ದೇವರು ಹಿಡಿಯೋದು ಯಾರು ಅಂತ ಎಲ್ಲಾ ಮನಿತನದ ಮ್ಯಾಲ ನಡಕೊಂಡು ಬಂದದ, ಲಿಂಗಾಯತರು, ಕುರುಬರು, ಬ್ಯಾಡರು, ಹೊಲೆಮಾದಿಗರು ಎಲ್ಲಾರಿಗೂ ಒಂದೊಂದು ಕೆಲಸ. ದೇವರು ಅಂದ್ರ ಕೈ ಆಕಾರದ ಬೆಳ್ಳಿ ಪಂಜಾ, ಅವಕ್ಕ ರೇಷ್ಮಿ ಬಟ್ಟಿ ಸುತ್ತಿ ಕುಂಡ್ರಿಸ್ತಾರ. ನಾವು ಸಕ್ಕರಿ ಒಯ್ದು ಓದಿಕಿ ಮಾಡಿಸಿ ಊದು ಹಾಕಿ ಬರ್ತೀವಿ. ಹಸೇನಿ ಹುಸೇನಿ ಹೆಸರು ಹಿಂದೂ ಮನ್ಯಾಗೂ ಇಡ್ತಾರ, ನಮ್ಮ ದೊಡ್ಡಪ್ಪನ ಹೆಸರು ಹುಸೇನಪ್ಪ.

ನನಗ ಆರು ವರ್ಷ ಇದ್ದಾಗ ಜ್ವರ ಬಂದು ಕೈ ಬಿಟ್ಟಂಗ ಆಗಿತ್ತಂತ. ನಮ್ಮವ್ವ ಹರಕಿ ಹೊತ್ಲು, ಬದುಕಿದ್ರ ನನ್ನ ಗಂಡ ಫಕೀರ ಆಗ್ತಾನ ಅಂತ. ಅಪ್ಪನ್ನ ಕೇಳೇ ಇದ್ದಿಲ್ಲ! ನಾ ಆರಾಮಾದೆ, ಅಪ್ಪ ಐದು ವರ್ಷ ಫಕೀರ ಆದ. ಕೊಳ್ಳಾಗ ಕೆಂಪು ಲಾಡಿ, ಬರಿಗಾಲು, ಐದು ಮನಿ ಭಿಕ್ಷಾ. ಮನ್ಯಾಗ ಎರಡು ಎತ್ತಿನ ಕಮತ ಇದ್ದ ಗೌಡ, ನಮ್ಮ ಹೊಲದಾಗ ಕೂಲಿ ಮಾಡೋ ಮನಿ ಮುಂದ ನಿಂತು ಬೇಡ್ತಿದ್ದ, ಆ ಮನಿ ಅಜ್ಜಿ ಒಂದು ರೊಟ್ಟಿ ಹಾಕಿ ಮುಖ ಆಕಡೀ ತಿರುವಿ ನಿಲ್ತಿದ್ಲು. ಯಾಕ ತಿರುಗ್ತಾಳ ಅಂತ ನನಗ ಆಗ ತಿಳೀತಿದ್ದಿಲ್ಲ. ಕತ್ತಲ ರಾತ್ರಿಗಿ ಕನ್ನಡದಾಗೇ ರಿವಾಯತ್ ಪದ ಹಾಡ್ತಾರ, ಪೈಗಂಬರರ ಮೊಮ್ಮಗ ಹುಸೇನ್ ಸತ್ತ ಕರ್ಬಲಾ ಯುದ್ಧದ ಕಥಿ, ಹೆಜ್ಜಿ ಹಾಕ್ಕೊಂತ ಮುಂಜಾನಿ ತನಕ. ಹಾಡಾವ್ರು ಯಾರೂ ಕರ್ಬಲಾ ನೋಡಿಲ್ಲ, ಖರೆ ನೀರು ಸಿಗದೇ ಸತ್ತ ಕೂಸಿನ ಪದ ಬಂದಾಗ ಹೆಣ್ಣಮಕ್ಕಳು ಸೆರಗು ಬಾಯಿಗಿ ಹಚ್ಕೊಂಡು ಅಳ್ತಾರ. ನೀರಿನ ತ್ರಾಸು ನಮ್ಮ ಕಡಿಯವ್ರಿಗಿ ಬಿಡಿಸಿ ಹೇಳ್ಬೇಕಾಗಿಲ್ಲಲ್ಲ.

ಇನ್ನ ತಿಂಥಣಿ ಮೌನೇಶ್ವರ ಜಾತ್ರಿಗಿ ಬರ್ರಿ, ಕೃಷ್ಣಾ ದಂಡಿ ಮ್ಯಾಲ, ಸುರಪುರ ತಾಲೂಕು. ಅಲ್ಲಿ ಜೈಕಾರನೇ 'ಏಕ್ ಲಾಖ್ ಐಂಸಿ ಹಜಾರ್ ಪಾಂಚೋ ಪೀರ್' ಅಂತ ಶುರು ಆಗಿ 'ಹರ ಹರ ಮಹಾದೇವ' ಅಂತ ಮುಗೀತದ. ಯಾರ ದೇವರು ಅಂತ ಕೇಳಿದ್ರ ನಮ್ಮ ದೇವರು ಅಂತಾರ, ಮುಂದ ಕೇಳಿದ್ರ ಬೈತಾರ.

ಕಲ್ಯಾಣಿ_12ನೇ_ಶತಮಾನ:
ಅಕ್ಕಾ ನಮ್ಮೂರಾಗೂ ಪೀರಲ ಅದ, ನಾನೂ ಕುಣದೀನಿ, ಅದಕ್ಕ ನಾ ಬ್ಯಾಡ ಅಂದಿಲ್ಲ. ಖರೆ 48ರಾಗ ನಿಜಾಮರ ಪರ ಇದ್ದ ರಜಾಕಾರರ ಪಡೆ ಮಾಡಿದ್ದನ್ನೂ ಮರಿಬಾರ್ದು. ಅವ್ರು ಮಂದಿನ್ನ ಕೊಂದ ಗೋರ್ಟಾ ನಮ್ಮ ತಾಲೂಕೇ. ನಮ್ಮ ಮುತ್ಯಾ ಅಲ್ಲಿಂದ ಓಡಿ ಬಂದು ಬಾರ್ಶಿ ಕಡೀ ಕ್ಯಾಂಪ್‌ನ್ಯಾಗ ನಾಕು ತಿಂಗಳು ಇದ್ದ.

ನಿವೃತ್ತ_ಮಾಸ್ತರ:
ಮರಿಬಾರ್ದು, ಖರೆ ಅದ. ಅರ್ಧ ನೆನಪಿಡೋದೂ ಬ್ಯಾಡ. ಸೆಪ್ಟೆಂಬರ್ 13ಕ್ಕ ಭಾರತದ ಮಿಲಿಟ್ರಿ ಬಂತು, 17ಕ್ಕ ಮುಗೀತು, ಅದಾದ್ಮ್ಯಾಲ ನಮ್ಮ ಊರುಗಳಾಗ ಏನೂ ತಪ್ಪು ಮಾಡದ ಸಾಬರ ಮನಿಗೋಳು ಸುಟ್ವು, ಅದೂ ನಮ್ಮ ಅಪ್ಪ ನೋಡ್ಯಾನ. ಒಂದು ಮನಿಯವ್ರನ್ನ ನಮ್ಮ ಜ್ವಾಳದ ಹಗೇವಿನಾಗ ಮೂರು ದಿನ ಮುಚ್ಚಿಟ್ಟಿದ್ರಂತ. ಅವ್ರ ಮೊಮ್ಮಕ್ಕಳು ಇವತ್ತಿಗೂ ರಂಜಾನಕ್ಕ ಸುರಕುಂಬಾ ಕಳಸ್ತಾರ. ನಾಕನೇತ್ತ ಹುಡುಗನ ಚಾರ್ಟಿಗಿ ಇದು ಬ್ಯಾಡ, ದೊಡ್ಡವಾದ್ಮ್ಯಾಲ ಹೇಳ್ರಿ.

ಚೌಬಾರಾ_ಚಾ:
ಮಾಸ್ತರ್ ಸಾಬ್, ಶುಕ್ರಿಯಾ. ಕಲ್ಯಾಣಿ ಭಾಯ್, ಹೋಳಿ ಹುಣ್ಣಿಮಿ ಆದ್ಮ್ಯಾಲ ಅಷ್ಟೂರಕ್ಕ ಬರ್ರಿ ಒಮ್ಮಿ, ಅಹ್ಮದ್ ಶಾ ವಲಿ ಉರುಸಿಗಿ. ಬಹಮನಿ ಸುಲ್ತಾನ, ಖರೆ ನಿಮ್ಮ ಮಂದಿ ಅವರನ್ನ ಅಲ್ಲಮಪ್ರಭು ಅಂತ ಕರೀತಾರ. ಕಲಬುರ್ಗಿ ಜಿಲ್ಲಾದಿಂದ ಜಂಗಮರು ಬಂದ ಮ್ಯಾಲೇ ಉರುಸು ನಡಿಯೋದು. ಚಾ ನನ್ ಕಡಿಂದ.

ತೊಗರಿಹೊಲ:
ಓದ್ಕೊಂತ ಓದ್ಕೊಂತ ರಾತ್ರಿ ಒಂದು ಗಂಟಿ ಆತು. ಅಕ್ಕೋರೇ ನಿಮ್ಮ ಅಪ್ಪನ ಕಥಿ ಹೆಂಡ್ತಿಗೂ ಓದಿ ಹೇಳ್ದೆ.

ನಾ ಒಂದು ಹೇಳ್ತೀನಿ, ನೀವು ತಪ್ಪಿದ್ದಲ್ಲಿ ತಿದ್ರಿ. ನನಗ ನಮ್ಮ ಕಡೀ ಅಂದ್ರ ಮದ್ಲ ಕಣ್ಣಿಗಿ ಬರೋದು ಎಳ್ಳ ಅಮಾಸಿ. ದಕ್ಷಿಣದವ್ರಿಗಿ ಈ ಹಬ್ಬದ ಹೆಸರೇ ಗೊತ್ತಿಲ್ಲ, ನಮ್ಮಲ್ಲಿ ದೀಪಾವಳಿಗಿ ಬರದಾವ್ರೂ ಇದಕ್ಕ ಬರ್ತಾರ. ಡಿಸೆಂಬರ್ ಕಡೀಕ ಇಲ್ಲಾ ಜನವರಿಗಿ ಬರ್ತದ, ಬಿಳಿಜ್ವಾಳ ಎದಿಮಟ ಬಂದಿರ್ತದ, ಕಡ್ಲಿ ಹಸಿ ಇರ್ತದ, ತೊಗರಿ ಕಾಯಿ ಬಲ್ತಿರ್ತಾವ. ಮುಂಚಿನ ದಿನ ರಾತ್ರಿ ಹೆಣ್ಣಮಕ್ಕಳು ಮಲಗಾಂಗೇ ಇಲ್ಲ. ಸಜ್ಜಿ ರೊಟ್ಟಿ ಬಡೀತಾರ, ಮ್ಯಾಲ ಎಳ್ಳು ಹಚ್ಚಿ ಖಡಕ್ ಮಾಡಿ. ಸಜ್ಜಿ ಕಡಬು, ಜ್ವಾಳದ ಕಡಬು, ಶೇಂಗಾ ಹೋಳಗಿ, ಹಿಂಡಿ. ಮಜ್ಜಿಗಿ ಹಾಕಿದ ಜ್ವಾಳದ ಅಂಬಲಿ ಮಣ್ಣಿನ ಗಡಗ್ಯಾಗ, ಅದು ಹುಳಿ ಬಂದಿರ್ಬೇಕು. ಎಲ್ಲಾಕ್ಕಿಂತ ದೊಡ್ಡದು ಭಜ್ಜಿ. ಎಣ್ಣ್ಯಾಗ ಕರದ ಭಜಿ ಅಲ್ಲ ಮತ್ತ! ಹಸಿ ಕಡ್ಲಿ, ತೊಗರಿ ಕಾಳು, ಅವರಿ, ಬದ್ನಿಕಾಯಿ, ಮೆಂತ್ಯೆ ಪಲ್ಯ, ಉಳ್ಳಾಗಡ್ಡಿ ತಪ್ಲ, ಹೊಲದಾಗ ಏನೇನ್ ಸಿಕ್ಕದ ಎಲ್ಲಾ ಹಾಕಿ, ಹುಣಸಿ ಹುಳಿ, ಹಸಿ ಖಾರ, ಕಡ್ಲಿ ಹಿಟ್ಟು ಹಾಕಿ ದೊಡ್ಡ ಹಂಡ್ಯಾಗ ಕುದಿಸೋದು.

ಮುಂಜಾನಿ ಬಂಡಿ ಹೂಡ್ತಿದ್ವಿ, ಈಗ ಟ್ರ್ಯಾಕ್ಟರ್. ಹೊಲದಾಗ ಜ್ವಾಳದ ದಂಟಿಲಿಂದ ಸಣ್ಣ ಕೊಂಪಿ ಮಾಡಿ ಒಳಗ ಐದು ಕಲ್ಲ ಇಟ್ಟು ಸುಣ್ಣ ಹಚ್ಚಿ ಪೂಜಿ ಮಾಡೋದು, ಪಾಂಡವರು ಅಂತಾರ. ಆಮ್ಯಾಲ ಚರಗ. ಎಲ್ಲಾ ಅಡ್ಗಿ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟ್ಯಾಗ ಹಾಕ್ಕೊಂಡು ಅಪ್ಪ ಮುಂದ ಚೆಲ್ಕೊಂತ ಹೋಗೋದು, 'ಹುಲ್ಲುಲ್ಲಿಗೋ' ಅಂತ ಒದರೋದು, ನಾ ಹಿಂದಿಂದ ತಂಬಿಗ್ಯಾಗ ನೀರು ಹಾಕ್ಕೊಂತ 'ಸಲಾಂಬರಿಗೋ' ಅಂತ ಒದರೋದು. ಅರ್ಥ ಏನು ಅಂತ ಕೇಳಿದ್ರ ಅಪ್ಪ 'ಮದ್ಲ ಒದರು' ಅಂತಿದ್ದ. ಹೊಲದ ನಾಕೂ ದಿಕ್ಕಿಗಿ ಹೋಗಿ ಬರೋತನಕ ಗಂಟಲ ಒಡದಿರ್ತಿತ್ತು. ಭೂಮಿತಾಯಿ ಬಸರಿ, ಬಸರಿ ಹೆಣ್ಣಮಗಳಿಗಿ ಉಣಸ್ದಂಗ ಉಣಸೋದು ಅಂತ ಆಯಿ ಹೇಳ್ತಿದ್ಲು. ಆಮ್ಯಾಲ ಊಟ. ಹಾದ್ಯಾಗ ಹೋಗೋ ಯಾರನ್ನಾದ್ರೂ ಕೈ ಹಿಡದು ಕುಂಡ್ರಿಸಿ ಉಣಸೋದು, ಹೊಲ ಇಲ್ದಾವ್ರು ಅವತ್ತ ಯಾರ ಹೊಲಕ್ಕ ಬೇಕಾದ್ರೂ ಹೋಗ್ಬಹುದು, ಯಾರೂ ಕೇಳಾಂಗಿಲ್ಲ.

ಹೋದ ವರ್ಷ ನಾ ರಜಾ ಹಾಕಿದ್ದೆ, ಮ್ಯಾನೇಜರ್ ಕೇಳಿದ, ಕ್ಯಾಲೆಂಡರ್ನಾಗ ಏನೂ ಹಬ್ಬ ಇಲ್ಲಲ್ಲ ಅಂತ. ಏನಂತ ಬರೀಲಿ, ಜ್ವರ ಅಂತ ಬರ್ದೆ.

ಭಾಲ್ಕಿ_ಸೊಸಿ:
ಅಣ್ಣೋರೇ ಎಲ್ಲಾ ಬರೋಬ್ಬರಿ, ಭಜ್ಜಿ ಮಾತ್ರ ತಪ್ಪು. ಉಳ್ಳಾಗಡ್ಡಿ ತಪ್ಲ ಹಾಕ್ತಾರೇನು ಯಾರರ? ಗಜ್ಜರಿ ಎಲ್ಲಿ ಹೋತು, ಬಾರಿಹಣ್ಣು ಎಲ್ಲಿ ಹೋತು? ನಮ್ಮತ್ತಿ ಇದನ್ನ ಓದಿದ್ರ ಫೋನ್ ಒಗೀತಿದ್ರು. ನಾ ಮದ್ವಿ ಆಗಿ ಬಂದ ವರ್ಷ ಭಜ್ಜಿಗಿ ಸಾಸಿವಿ ಒಗ್ಗರಣಿ ಕೊಟ್ಟಿದ್ದೆ, ಹದಿನಾಕು ವರ್ಷ ಆತು, ಇನ್ನೂ ಎತ್ತಿ ಆಡ್ತಾರ.

ತೊಗರಿಹೊಲ:
ಅಕ್ಕಾ ಸೇಡಂ ಭಜ್ಜಿ ಬ್ಯಾರೆ ಭಾಲ್ಕಿ ಭಜ್ಜಿ ಬ್ಯಾರೆ ಅಂತ ಒಪ್ಪಂದ ಮಾಡ್ಕೊಳ್ಳೋಣು.

ತಾಂಡಾ_ಪೋರಿ:
ಎಲ್ಲಾರ್ದೂ ಓದ್ದೆ, ಛಲೋ ಅದ, ಖರೆ ಒಂದು ಮಾತು ಚುಚ್ತದ ಅದಕ್ಕ ಬರೀಲಾಕತ್ತೀನಿ. ನಾ ಚಿಂಚೋಳಿ ಕಡೀ ತಾಂಡಾದಾಕಿ, ಗೋರಮಾಟಿ, ಅಂದ್ರ ನೀವು ಲಂಬಾಣಿ ಅಂತೀರಲ್ಲ. ಇಷ್ಟು ಉದ್ದ ಆತು, ಕನ್ನಡ ಅದ, ಉರ್ದು ಅದ, ಶರಣರು ಸೂಫಿಗಳು ಅದಾರ, ತಾಂಡಾ ಅನ್ನೋ ಶಬ್ದ ನಿಮ್ಮ ಯಾರ ಬಾಯಾಗೂ ಬರ್ಲಿಲ್ಲ. ಕಲಬುರ್ಗಿ ಯಾದಗಿರಿ ಒಳಗ ಬಸ್ಸಿನ್ಯಾಗ ಹೋಗ್ರಿ, ಎರಡು ಊರಿಗಿ ಒಂದು ತಾಂಡಾ ಅದ. ಹೊಲ ಇಲ್ದಾವ್ರು ಯಾರ ಹೊಲಕ್ಕಾದ್ರೂ ಹೋಗ್ಬಹುದು ಅಂದ್ರಲ್ಲ ಅಣ್ಣಾ, ಎಳ್ಳ ಅಮಾಸಿ ಬರೋದ್ರಾಗ ನಮ್ಮ ತಾಂಡಾದ ಅರ್ಧ ಮಂದಿ ಪೂನಾ ಬೊಂಬಾಯಿಗಿ ಗುಳೆ ಹೋಗಿರ್ತಾರ. ನಿಮ್ಮ ಚರಗದ ದಿನ ನಮ್ಮಪ್ಪ ಕಬ್ಬು ಕಡೀತಿದ್ದ.

ನಮ್ದೂ ಬರಸ್ರಿ. ದೀಪಾವಳಿ ಅಮಾಸಿ ರಾತ್ರಿ ಮದ್ವಿ ಆಗದ ಹುಡುಗೇರು ಕೈಯಾಗ ದೀಪ ಹಿಡ್ಕೊಂಡು ಮದ್ಲ ನಾಯಕನ ಮನಿಗಿ, ಆಮ್ಯಾಲ ಮನಿ ಮನಿಗಿ ಹೋಗಿ ಮೇರಾ ಹಾಡು ಹೇಳ್ತಾರ. ಶ್ರಾವಣದಾಗ ತೀಜ್, ಬುಟ್ಟ್ಯಾಗ ಮಣ್ಣು ಹಾಕಿ ಗೋಧಿ ಬಿತ್ತಿ ಒಂಬತ್ತು ದಿನ ನೀರ್ ಹಾಕ್ತೀವಿ, ಹಾಡ್ತೀವಿ, ಕಡೀ ದಿನ ಹೊಳಿಗಿ ಬಿಡ್ತೀವಿ. ಆ ಹಸರು ಸಸಿ ಕೀಳ್ವಾಗ ಹುಡುಗೇರು ಅಳ್ತಾರ, ಯಾಕಂದ್ರ ಮುಂದಿನ ವರ್ಷದ ತೀಜಿಗಿ ಯಾರ ಯಾರ ಮದ್ವಿ ಆಗಿರ್ತದೋ. ನಾ ಕಾಲೇಜಿಗಿ ಕಲಬುರ್ಗಿಗಿ ಬಂದಾಗ ಒಂದು ಹಾಸ್ಟೆಲ್‌ನ್ಯಾಗ 'ನಿನ್ನ ಕನ್ನಡ ಲಂಬಾಣಿ ಕನ್ನಡ' ಅಂತ ನಕ್ಕಾರ. ನಕ್ಕಾವ್ರು ಕಲಬುರ್ಗಿಯವ್ರೇ. ನಿಮಗ ಬೆಂಗಳೂರಾಗ ಆದದ್ದು ನಮಗ ಕಲಬುರ್ಗಿಯಾಗ ಆಗ್ಯದ.

ತೊಗರಿಹೊಲ:
ತಂಗಿ ನೀ ಹೇಳಿದ್ದು ಖರೆ ಅದ. ನಮ್ಮ ಹೊಲದ ಮಗ್ಗಲ್ದಾಗೇ ತಾಂಡಾ ಅದ, ನನಗ ಹೊಳೀಲೇ ಇಲ್ಲ. ತೀಜ್ ಬುಟ್ಟಿ ಹಾಕಸ್ತೀನಿ, ಫೋಟೋ ಇದ್ರ ಕಳಸು.

ಸಗರನಾಡಿನಾಕಿ:
ಹಂಗ ನೋಡಿದ್ರ ನಮ್ಮ ಕಡೀದೆಲ್ಲ ಛಲೋನೇ ಅಂತ ಬರಿಯೋದೂ ಬ್ಯಾಡ. ಯಾದಗಿರಿ ಮೈಲಾಪುರದ ಮೈಲಾರಲಿಂಗನ ಜಾತ್ರಿ, ಸಂಕ್ರಾಂತಿಗಿ, ಅರಿಶಿಣದ ಭಂಡಾರದಾಗ ಗುಡ್ಡನೇ ಹಳದಿ ಆಗ್ತದ, ಏಳು ಕೋಟಿಗಿ ಏಳು ಕೋಟಿಗಿ ಅಂತ ಮಂದಿ ಒದರ್ತಾರ, ಮೈ ಝುಂ ಅಂತದ. ಖರೆ ಪಲ್ಲಕ್ಕಿ ಮ್ಯಾಲ ಜೀವಂತ ಕುರಿಮರಿ ಒಗೀತಿದ್ರು. ನಾ ಸಣ್ಣಾಕಿ ಇದ್ದಾಗ ಒಂದು ಮರಿ ನಮ್ಮ ಕಾಲಾಗೇ ಬಿದ್ದು ಒದ್ದಾಡಿತ್ತು, ಆಮ್ಯಾಲ ಎಂಟು ದಿನ ನಾ ಮಟನ್ ತಿನ್ಲಿಲ್ಲ. ಈಗ ಜಿಲ್ಲಾಡಳಿತದವ್ರು ಹಾದ್ಯಾಗೇ ಚೆಕ್‌ಪೋಸ್ಟ್ ಹಾಕಿ ಮರಿ ಇಸ್ಕೊಂತಾರ, ಒಳ್ಳೇದೇ ಆತು. ಕೆಲವೊಬ್ರು ಕಳ್ಳತನದಿಂದ ಚೀಲದಾಗ ಹಾಕ್ಕೊಂಡು ಬರ್ತಾರ, ಅವ್ರಿಗಿ ದೇವರೇ ಬುದ್ಧಿ ಕೊಡ್ಬೇಕು.

ನಿವೃತ್ತ_ಮಾಸ್ತರ:
ಇಷ್ಟೆಲ್ಲಾ ಆತು, ಕಲಬುರ್ಗಿ ಶರಣಬಸಪ್ಪ ಅಪ್ಪನ ಜಾತ್ರಿ ಯಾರೂ ಹೇಳ್ಲಿಲ್ಲಲ್ಲ! ಶರಣಬಸಪ್ಪ ಹೊಲದಾಗ ಜ್ವಾಳ ಕಾಯ್ಲಿಕ್ಕ ನಿಂತು ಹಕ್ಕಿಗೋಳಿಗಿ ತಿನ್ರಿ ತಿನ್ರಿ ಅಂದಾಂವ, ಹುಡುಗರಿಗಿ ಈ ಚಿತ್ರ ತಗೀಲಿಕ್ಕ ಭಾಳ ಸಸಾರ. ಹೋಳಿ ಆದ್ಮ್ಯಾಲ ತೇರು, ಪರುಷ ಬಟ್ಟಲ ತೋರಸ್ತಾರ, ತೇರಿಗಿ ಉತ್ತತ್ತಿ ಬಾಳಿಹಣ್ಣು ಒಗೀತಾರ. ಒಮ್ಮಿ ಉತ್ತತ್ತಿ ನನ್ನ ಚಷ್ಮಾಕ್ಕ ಬಡದು ಗ್ಲಾಸ್ ಒಡೀತು, ಮನ್ಯಾಗ ಪುಣ್ಯ ಅಂದ್ರು. ತೇರು ಮುಗಿಸಿ ಅಲ್ಲಿಂದ ಮಂದಿ ಬಂದೇನವಾಜ್ ದರ್ಗಾಕ್ಕೂ ಹೋಗಿ ಬರ್ತಾರ, 1422ರಾಗ ತೀರ್ಕೊಂಡ ಸೂಫಿ, ಆರುನೂರು ವರ್ಷ ಆತು. ನಮ್ಮ ತಾಯಿ ಎರಡೂ ಕಡಿ ಒಂದೇ ಕಾಯಿ ಅರ್ಧರ್ಧ ಮಾಡಿ ಕೊಡ್ತಿದ್ಲು, ಉಳಿತಾಯ.

ತೊಗರಿಹೊಲ:
ಎಲ್ಲಾರಿಗೂ ಶರಣು. ಸೋಮವಾರ ಚಾರ್ಟ್ ಕೊಟ್ಟು ಬಂದ. ಕಡೀಕ ಏನೇನ್ ಹಾಕ್ದ ಅಂದ್ರ, ನಡುವ ದೊಡ್ಡದು ಚರಗದ ಚಿತ್ರ, ಅವನೇ ತಗದಾನ, ಅಜ್ಜನ ಬುಟ್ಟಿ ಅಜ್ಜಗಿಂತ ದೊಡ್ಡದಾಗ್ಯದ. ಜ್ವಾಳದ ಮ್ಯಾಲ ಕುಂತ ಹಕ್ಕಿಗೋಳು ಶರಣಬಸಪ್ಪ ಅಪ್ಪನವು. ಮೂಲ್ಯಾಗ ಪಂಜಾ, ತನ್ನ ಕೈ ಇಟ್ಟು ಸುತ್ತ ಗೆರಿ ಎಳದು ಬೆಳ್ಳಿ ಹಾಳಿ ಹಚ್ಯಾನ. ತೀಜ್ ಬುಟ್ಟಿ, ಎರಡು ಬೋರ್ಡ್, ಬಿದ್ರಿ ಹೂಜಿ (ಕರೆ ಸ್ಕೆಚ್ ಪೆನ್ ಪೂರಾ ಖಾಲಿ). ಗೋಳಗುಮ್ಮಟ ಕತ್ತರಿಸಿ ಒಗದಾನ. ಸಜ್ಜಿ ರೊಟ್ಟಿ ತುಂಡು ಅಂಟಸ್ತೀನಿ ಅಂತ ಹಟಾ ಹಿಡಿದಿದ್ದ, ಇರಿವಿ ಬರ್ತಾವ ಅಂತ ಅವ್ವ ಬೈದ್ಲು.

ಇವತ್ತ ವಾಪಸ್ ಬಂದದ. ಟೀಚರ್ 'ವೆರಿ ಗುಡ್' ಅಂತ ಬರದಾರ. ಖರೆ ಚರಗದ ಕೆಳಗ ಹುಡುಗ 'ನಮ್ಮ ಊರಾಗ ಎಳ್ಳ ಅಮಾಸಿ ಅದ' ಅಂತ ಬರದಿದ್ದ, ಅದಕ್ಕ ಕೆಂಪು ಪೆನ್ನಿಲಿಂದ ಗೆರಿ ಎಳದು 'ಅದ' ಹೊಡದು 'ಇದೆ' ಅಂತ ತಿದ್ದ್ಯಾರ. ಈಗ ಕೇಳ್ಲಾಕತ್ಯಾನ, ಪಪ್ಪಾ, ಅಜ್ಜ 'ಅದ' ಅಂತಾನಲ್ಲ, ಅಜ್ಜಂದು ತಪ್ಪೇನು ಅಂತ.

ಮಂಡ್ಯದೈದ:
ಅಣ್ಣೋ ಹೋಗ್ಲಿ ಬುಡಿ. ನನ್ ಮಗ್ಳು ಹೋದ್ ವರ್ಸ 'ನಮ್ಮನೆ ಹಿತ್ಲಲ್ಲಿ ಹಸ ಐತೆ' ಅಂತ ಬರ್ದಿದ್ಲು, ಅವ್ಳಿಗೂ ಕೆಂಪ್ ಗೆರೆ ಎಳ್ದವ್ರೆ. ಅಂದಂಗೆ ಈ ಸಲ ಎಳ್ಳಮಾಸೆ ಯಾವತ್ತು? ಸೇಡಂ ಭಜ್ಜಿ ತಿನ್ಬೇಕಾ ಭಾಲ್ಕಿ ಭಜ್ಜಿ ತಿನ್ಬೇಕಾ ಅದೊಂದ್ ತೀರ್ಮಾನ ಮಾಡಿ ಯೋಳಿ, ಟಿಕೆಟ್ ಬುಕ್ ಮಾಡ್ತೀನಿ.

ಭಾಲ್ಕಿ_ಸೊಸಿ:
ಭಾಲ್ಕಿಗಿ ಬರ್ರಿ ಅಣ್ಣಾ. ಒಗ್ಗರಣಿ ಹಾಕಾಂಗಿಲ್ಲ.